ಕರೆದದ್ದೋ, ತಿಳಿಸಿದ್ದೋ

ನೇಸರಗಿ
ಸೋಮವಾರ, 10 ಫೆಬ್ರುವರಿ 2025

ಉಮಾಶ್ರೀ,

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕೂತು ಓದು. ಅರ್ಧ ಓದಿ ಪರ್ಸಿನಲ್ಲಿ ತುರುಕಿ ಸಾಲೆಗೆ ಓಡುವವಳು ನೀನು. ಹಾಗೆ ಮಾಡಿದ್ದು ಗೊತ್ತಾದರೆ ಮುಂದಿನದನ್ನು ನಿಮ್ಮ ಹೆಡ್ ಮಾಸ್ತರರ ಹೆಸರಿಗೇ ಬರೆಯುತ್ತೇನೆ, ಅವರು ತರಗತಿಯಲ್ಲಿ ಗಟ್ಟಿಯಾಗಿ ಓದಲಿ. ಇಪ್ಪತ್ತೈದು ತುಂಬಿದೆ, ರಾಮದುರ್ಗದಲ್ಲಿ ನೂರು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೀ, ತಾಯಿಯ ತವರುಮನೆಗೆ ಮದುವೆಯ ಕಾರ್ಡು ಹೇಗೆ ಮುಟ್ಟಿಸಬೇಕೆಂದು ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು. ಬಾಯಿ ಇಲ್ಲವೇ?

ನಿನ್ನ ಕಾರ್ಡು ಗುರುವಾರ ಬಂತು. ಅಂಚೆಯಲ್ಲಿ ಬಂತು. ಕರೆಂಟ್ ಬಿಲ್ಲಿನಂತೆ ಬಾಗಿಲಲ್ಲಿ ಬಿದ್ದಿತ್ತು. ಮೂಲೆಗೆ ಒಂದು ಚಿಟಿಕೆ ಕುಂಕುಮವಿಲ್ಲ. ಮೇ ಹನ್ನೊಂದರ ಮದುವೆಗೆ ಈಗಲೇ ಕಾರ್ಡು ಯಾಕೆ ಎಂದು ನಿಮ್ಮಜ್ಜನನ್ನು ಕೇಳಿದರೆ, ಹತ್ತನೆಯ ಇಯತ್ತೆಯ ಪರೀಕ್ಷೆ ಶುರುವಾದರೆ ಅವಳಿಗೆ ಪುರುಸೊತ್ತು ಸಿಗುವುದಿಲ್ಲ ಎಂದರು. ಸರಿ, ಅದನ್ನು ಬಿಟ್ಟೆ. ಆದರೆ ಮೇಲುಗಡೆ ಅಚ್ಚಾದ ಇಂಗ್ಲಿಷ್ ಅಕ್ಷರದ ಮೇಲೆ ಕೆಂಪು ಪೆನ್ನಿನಿಂದ ಗೀಟು ಹೊಡೆದು, ಬದಿಗೆ ಬೇರೆ ಏನೋ ಬರೆದಿದ್ದೀ. ನಾನು ಓದಿದ್ದು ಸಂಪಗಾಂವದ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ, ಇಂಗ್ಲಿಷ್ ಬಾರದು. ಗೀಟು ಹೊಡೆದದ್ದು ಕಾಣದಷ್ಟು ಕಣ್ಣು ಹೋಗಿಲ್ಲ.

ನಿನ್ನ ಮಾಮಿ ಶೀತಲ ಓದಿ ಹೇಳಿದಳು. ಅಚ್ಚಾದದ್ದು ಇನ್ವಿಟೇಶನ್, ನೀನು ಬರೆದದ್ದು ಇಂಟಿಮೇಶನ್. ಏನು ಫರಕು ಎಂದು ಕೇಳಿದೆ. "ಎಲ್ಡೂ ಒಂದ ಅತ್ತಿ, ಮದಿವಿ ಐತಿ ಅಂತ ಹೇಳೂದು" ಅಂದಳು. ಎರಡೂ ಒಂದೇ ಆಗಿದ್ದರೆ ಒಂದನ್ನು ಹೊಡೆದು ಇನ್ನೊಂದನ್ನು ಬರೆಯಲು ನಿನಗೇನು ಶಾಯಿ ಹೆಚ್ಚಾಗಿತ್ತೇ? ಎದುರು ಮನೆಯ ಗಂಗಯ್ಯನವರಿಗೂ ನಿನ್ನ ಕಾರ್ಡು ಬಂದಿದೆ. ನಾನೇ ಹೋಗಿ ನೋಡಿಬಂದೆ. ಅದರಲ್ಲಿ ಗೀಟಿಲ್ಲ. ತಹಶೀಲ್ದಾರ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ, ನಿನ್ನನ್ನು ಎರಡು ಸಲ ನೋಡಿದ ಮನುಷ್ಯನಿಗೆ ಒಂದು ಶಬ್ದ, ನಿನ್ನ ತಾಯಿಯನ್ನು ಹೆತ್ತು ನಿನ್ನ ಕಿವಿ ಚುಚ್ಚಿಸಿದ ಆಯಿಗೆ ಇನ್ನೊಂದು.

ಇನ್ನೊಂದು ಮಾತು. ಮದುವೆಯಲ್ಲಿ ಹೆತ್ತವರ ಜಾಗದಲ್ಲಿ ಮುಂದೆ ಕೂರುವವರು ನಿಂಗರಾಜ ಮತ್ತು ಶೀತಲ. ಸೋದರಮಾವ ಇರುವುದು ಅದಕ್ಕೇ. ನಿನ್ನ ಅಪ್ಪ ವಿರೂಪಾಕ್ಷ ಇದ್ದಿದ್ದರೆ ಮಾತು ಬೇರೆ. ಗಂಡನಿಲ್ಲದ ನಿನ್ನ ತಾಯಿಗೆ ಮುಂದೆ ನಿಲ್ಲಲು ಬರುವುದಿಲ್ಲ, ಅದು ಅವಳಿಗೂ ಗೊತ್ತು.

ಫೋನು ಮಾಡಬೇಡ. ಫೋನಿನಲ್ಲಿ ನೀನು "ಹೂಂ ಆಯಿ" ಎಂದು ಇಟ್ಟುಬಿಡುತ್ತೀ. ಕಾಗದದಲ್ಲಿ ಬರೆ. ಆ ಎರಡು ಶಬ್ದಗಳ ಅರ್ಥವನ್ನು ನನಗೆ ತಿಳಿಯುವ ಹಾಗೆ ಬರೆ.

ಸಿಟ್ಟಿನಲ್ಲಿರುವ ನಿನ್ನ ಆಯಿ,
ಶಟ್ಟೆವ್ವ


ರಾಮದುರ್ಗ
ಗುರುವಾರ, 20 ಫೆಬ್ರುವರಿ 2025

ಆಯಿ,

ಕೂತೇ ಓದಿದೆ. ಎರಡು ಸಲ ಓದಿದೆ.

ಗೀಟು ಹೊಡೆದವಳು ನಾನು. ಅವ್ವನಿಗೆ ಗೊತ್ತಿಲ್ಲ. ನೇಸರಗಿಯ ಕಾರ್ಡು ಅವಳ ಹೊಲಿಗೆ ಯಂತ್ರದ ಮೇಲೆ ಹದಿನೈದು ದಿನ ಇತ್ತು. ಅವಳು ವಿಳಾಸವನ್ನೂ ಬರೆಯಲಿಲ್ಲ, ಎತ್ತಿಯೂ ಇಡಲಿಲ್ಲ. ಅದರ ಬದಿಯಲ್ಲೇ ಊರವರ ಜಂಪರು ಹೊಲಿಯುತ್ತಿದ್ದಳು. ಕೊನೆಗೆ ನಾನೇ ಅಂಚೆಗೆ ಹಾಕಿದೆ.

ಅರ್ಥ ಕೇಳಿದ್ದೀ. ಇನ್ವಿಟೇಶನ್ ಎಂದರೆ ಬಾ ಎನ್ನುವುದು. ಇಂಟಿಮೇಶನ್ ಎಂದರೆ ಇಂಥದ್ದು ನಡೆಯಲಿದೆ, ಗೊತ್ತಿರಲಿ ಎನ್ನುವುದು. ಎರಡರಲ್ಲಿಯೂ ದಿನ, ವೇಳೆ, ಜಾಗ ಅವೇ ಇರುತ್ತವೆ, ಅದಕ್ಕೇ ಶೀತಲ ಮಾಮಿಗೆ ಒಂದೇ ಅನ್ನಿಸಿತು. ಮೊದಲನೆಯದನ್ನು ಕಳಿಸಿದವರು ಬಾಗಿಲು ನೋಡುತ್ತಾ ಇರುತ್ತಾರೆ. ಎರಡನೆಯದನ್ನು ಕಳಿಸಿದವರು ನೋಡುವುದಿಲ್ಲ. ಬಂದರೂ ಸರಿ, ಬಾರದಿದ್ದರೂ ಸರಿ.

ನಿಂಗರಾಜ ಮಾಮಾನ ಮದುವೆಗೆ ಅವ್ವನಿಗೆ ಬಂದದ್ದು ಎರಡನೆಯದು. ಆಗ ನನಗೆ ಹತ್ತೊಂಬತ್ತು, ನಾನು ಅಲ್ಲೇ ಇದ್ದೆ. ಮನೆಮಗಳನ್ನು ಎಲ್ಲರಿಗಿಂತ ಮೊದಲು ಕರೆಯುವುದು, ಅವಳ ಬಾಗಿಲಿಗೆ ತಾಯಿಯೇ ಹೋಗಿ ಕುಂಕುಮ ಹಚ್ಚಿ ಉಡಿ ತುಂಬುವುದು ನಿನ್ನ ಮನೆಯ ಪದ್ಧತಿ ಎಂದು ನೀನೇ ಹೇಳುತ್ತಿದ್ದೆ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ನೀನು ಬರಲಿಲ್ಲ. ಇಲ್ಲಿಯ ಸಂತೆಗೆ ಬಂದಿದ್ದ ನಿಮ್ಮೂರ ಮಡಿವಾಳೆಪ್ಪನ ಕೈಯಲ್ಲಿ ಹೇಳಿಕಳಿಸಿದೆ, ತಾರೀಖು ಇಂಥದ್ದು ಎಂದು. ಅವ್ವ ಬಂದಳು. ಅಕ್ಷತೆ ಬೀಳುವ ಹೊತ್ತಿನಲ್ಲಿ ಅವಳು ಹಿಂದಿನ ಕೋಣೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಸಂಜೆಯ ಬಸ್ಸಿಗೆ ಬಂದುಬಿಟ್ಟೆವು. ಆಮೇಲೆ ನೇಸರಗಿಯ ಹೆಸರು ಅವಳ ಬಾಯಲ್ಲಿ ಬಂದಿಲ್ಲ.

ನನ್ನ ಮದುವೆಯಲ್ಲಿ ಮುಂದೆ ಕೂರುವವಳು ಅವ್ವ. ಅರಿಶಿಣ ಮೊದಲು ಹಚ್ಚುವವಳೂ ಅವಳೇ. ಗಂಡಿನ ಕಡೆಯವರು, ಕಾಂತೇಶನ ಮನೆಯವರು, ಒಪ್ಪಿದ್ದಾರೆ. ಇದು ನಿನಗೆ ಗೊತ್ತಿರಲಿ ಎಂದು ಕಾರ್ಡು ಕಳಿಸಿದೆ. ನೀನು ಬಂದು, ಹತ್ತು ಜನರ ಮುಂದೆ ಅವಳನ್ನು ಮತ್ತೆ ಒಳಗೆ ಕಳಿಸುವುದಾದರೆ ಬರುವುದು ಬೇಡ.

ಉಮಾಶ್ರೀ


ನೇಸರಗಿ
ಸೋಮವಾರ, 3 ಮಾರ್ಚ್ 2025

ಉಮಾಶ್ರೀ,

ನಿನ್ನ ಕಾಗದ ಓದಿ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ನಿಮ್ಮಜ್ಜ ಅದನ್ನು ಹಬ್ಬದಂತೆ ಕಳೆದರು.

ಬರುವುದು ಬೇಡ ಎಂದು ಬರೆಯಲು ನಿನಗೆ ಕೈ ಹೇಗೆ ಬಂತು? ನಿನ್ನ ತಾಯಿಯ ಬಾಣಂತನ ಮಾಡಿದವಳು ನಾನು. ನೀನು ಹಗಲೆಲ್ಲಾ ಮಲಗಿ ರಾತ್ರಿಯೆಲ್ಲಾ ಅಳುತ್ತಿದ್ದೆ. ಆಗ ನಿನಗೆ ಎರಡು ಬಗೆಯ ಶಬ್ದ ಗೊತ್ತಿರಲಿಲ್ಲ, ಒಂದೇ ಇತ್ತು, ಅದು ಮೂರು ಓಣಿಗೆ ಕೇಳುತ್ತಿತ್ತು.

ಈಗ ನನ್ನ ಮಾತು ಕೇಳು. ನಾನು ಯಾಕೆ ಹೋಗಲಿಲ್ಲ? ಬಾಗಿಲಿಗೆ ಹೋದರೆ ಕುಂಕುಮ ಹಚ್ಚಬೇಕು. ಗಂಡ ಸತ್ತವಳಿಗೆ ಕುಂಕುಮ ಹಚ್ಚಲು ಬರುವುದಿಲ್ಲ, ಉಡಿ ತುಂಬಲು ಬರುವುದಿಲ್ಲ. ಹಚ್ಚದೆ ಕರೆದರೆ ಅವಳಿಗೆ ನೋವು, ಹಚ್ಚಿದರೆ ಜನರ ಬಾಯಿ. ಬೇಡ, ಅವಳ ಎದುರಿಗೆ ಕುಂಕುಮದ ಕರಡಿಗೆ ಹಿಡಿದು ನಿಂತು ಅವಳ ಕಣ್ಣಲ್ಲಿ ನೀರು ತರಿಸುವುದು ಬೇಡ ಎಂದುಕೊಂಡೆ. ಮನೆಯವಳಲ್ಲವೇ, ತಿಳಿಸಿದರೆ ಸಾಕು, ಬರುತ್ತಾಳೆ ಎಂದುಕೊಂಡೆ. ಬಂದಳಲ್ಲ? ಕರೆಯದೆ ಬಂದಳು ಎಂದರೆ ಅವಳಿಗೂ ಹಾಗೇ ಅನ್ನಿಸಿರಬೇಕು. ನೀನು ಇಂಗ್ಲಿಷ್ ಪುಸ್ತಕ ಓದಿ ಆರು ವರ್ಷದ ಹಿಂದಿನದನ್ನು ತಿದ್ದಲು ಹೊರಟಿದ್ದೀ. ಅದೂ ಕೆಂಪು ಪೆನ್ನಿನಿಂದ, ನಾನು ನಿನ್ನ ಸಾಲೆಯ ಹುಡುಗಿಯೋ ಎಂಬಂತೆ.

ಬೆಳ್ಳುಳ್ಳಿ ಬಿಡಿಸು ಎಂದು ನಾನು ಹೇಳಿರಲಿಲ್ಲ. ಅವಳೇ ಕೂತಳು. ಕೂರಬೇಡ ಎಂದೂ ಹೇಳಲಿಲ್ಲ, ಅದು ನಿಜ. ಮದುವೆಯ ಮನೆಯಲ್ಲಿ ಮುನ್ನೂರು ಜನ, ಯಾರು ಎಲ್ಲಿ ಕೂತಿದ್ದಾರೆಂದು ನೋಡಲು ನನಗೆ ಎಷ್ಟು ಕಣ್ಣಿದ್ದವು? ಒಂದಷ್ಟು ಹೊತ್ತು ಹೊರಗೂ ಇದ್ದಳು. ಹಂದರದಲ್ಲಿ ಓಡಾಡಿದ್ದನ್ನು ನಾನು ನೋಡಿದ್ದೇನೆ. ಶೀತಲಳ ಹತ್ತಿರ ಆ ಮದುವೆಯ ವಿಡಿಯೋ ಇದೆ. ತೆಗೆಸಿ ನೋಡಿ, ನಿನ್ನ ತಾಯಿ ಎಲ್ಲಿ, ಎಷ್ಟನೆಯ ನಿಮಿಷದಲ್ಲಿ ಇದ್ದಾಳೆಂದು ಬರೆದು ಕಳಿಸುತ್ತೇನೆ. ಆಗ ನೀನು ಕ್ಷಮೆ ಕೇಳಿ ಬರೆಯುವಿಯಂತೆ. ಅದಕ್ಕೂ ಇಂಗ್ಲಿಷಿನಲ್ಲಿ ಎರಡು ಶಬ್ದ ಇದ್ದರೆ ದೊಡ್ಡದನ್ನು ಬರೆ.

ನಿನ್ನ ಆಯಿ,
ಶಟ್ಟೆವ್ವ


ನೇಸರಗಿ
ಸೋಮವಾರ, 24 ಮಾರ್ಚ್ 2025

ಉಮಾಶ್ರೀ,

ನೀನು ಉತ್ತರ ಬರೆದಿಲ್ಲ. ಪರೀಕ್ಷೆ ಶುರುವಾಗಿದೆ ಎಂದು ಶೀತಲ ಹೇಳಿದಳು. ಪರೀಕ್ಷೆ ಬರೆಯುವವರು ಮಕ್ಕಳು, ನಿನ್ನ ಕೈಗೇನಾಗಿದೆ?

ವಿಡಿಯೋ ನೋಡಿದೆ. ನಾಲ್ಕು ತಾಸು ಇದೆ. ನಿಂಗರಾಜ ಟೀವಿಗೆ ಹಚ್ಚಿಕೊಟ್ಟು ಹೊಲಕ್ಕೆ ಹೋದ. ಆ ಫೋಟೋದವನಿಗೆ ಬುದ್ಧಿ ಇಲ್ಲ. ಹೋಳಿಗೆ ಬುಟ್ಟಿಯನ್ನು ಐದು ನಿಮಿಷ ತೋರಿಸಿದ್ದಾನೆ, ಬ್ಯಾಂಡಿನವನ ಡೊಳ್ಳುಹೊಟ್ಟೆಯನ್ನು ತೋರಿಸಿದ್ದಾನೆ, ಗಂಗಯ್ಯನವರು ಎರಡನೆಯ ಸಲ ಊಟಕ್ಕೆ ಕೂತದ್ದನ್ನೂ ತೋರಿಸಿದ್ದಾನೆ. ನಾನು ಚಶ್ಮಾ ಹಾಕಿಕೊಂಡು ಟೀವಿಯ ಮುಂದೆ ಮಣೆ ಹಾಕಿ ಕೂತೆ. ಹಂದರ ನೋಡಿದೆ, ಅಡಿಗೆಯ ಮನೆ ನೋಡಿದೆ, ಅರಿಶಿಣ ಹಚ್ಚಿದ ಹೆಂಗಸರ ಸಾಲು ನೋಡಿದೆ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹಸಿರು ಸೀರೆಯ ಬೆನ್ನೊಂದು ಕಂಡಿತು. ಇವಳೇ ಎಂದೆ. ತಿರುಗಿದರೆ ಬೇರೆ ಯಾರೋ.

ನಿನ್ನ ತಾಯಿ ಇಲ್ಲ. ಒಂದು ಕಡೆಯೂ ಇಲ್ಲ.

ಅವಳು ಇಲ್ಲ, ಆದರೆ ನಾನು ಇದ್ದೇನೆ. ಅಕ್ಷತೆಗೆ ಸ್ವಲ್ಪ ಮೊದಲು ಯಾರೋ ಹೆಂಗಸು ಕೇಳುತ್ತಾಳೆ, ಹುಡುಗನ ಅಕ್ಕ ಎಲ್ಲಿ ಎಂದು. ನನ್ನ ಮುಖ ಕಾಣುವುದಿಲ್ಲ, ದನಿ ಕೇಳುತ್ತದೆ. "ಆಕಿ ಒಳಗ ಅದಾಳ ಬಿಡ್ರಿ" ಅನ್ನುತ್ತೇನೆ. ಉಮಾ, ಯಾರು ಎಲ್ಲಿ ಕೂತಿದ್ದಾರೆಂದು ನನಗೆ ಗೊತ್ತಿತ್ತು. ಹೋದ ಕಾಗದದಲ್ಲಿ ನಾನು ಬರೆದದ್ದು ಸುಳ್ಳು. ಬರೆಯುವಾಗ ಸುಳ್ಳೆಂದು ನನಗೆ ಅನ್ನಿಸಿರಲಿಲ್ಲ, ಅದಕ್ಕೇ ಹೆಚ್ಚು ಸಿಟ್ಟು ಬಂದಿದೆ.

ಶೀತಲ ಹಿಂದೆ ನಿಂತು ನೋಡುತ್ತಿದ್ದಳಂತೆ. ಅವಳ ಮದುವೆ ಅದು. ಅವಳು ನನಗೆ ಎದುರು ಮಾತಾಡಿದವಳಲ್ಲ. "ಅಕ್ಕಾರ್ನ ಹುಡುಕಾಕ ಹತ್ತೀರೇನ್ರಿ ಅತ್ತಿ? ನಾ ಭಾಳ ಸಲ ಹುಡುಕೇನಿ. ಇಲ್ಲ ಅವರು" ಎಂದು ಹೇಳಿ ಒಳಗೆ ಹೋದಳು. ಆರು ವರ್ಷ ಅವಳು ಇದನ್ನು ಬಾಯೊಳಗೆ ಇಟ್ಟುಕೊಂಡಿದ್ದಾಳೆ.

ಆಮೇಲೆ ನಿನ್ನ ಎರಡು ಶಬ್ದ ಹಿಡಿದು ಗಂಗಯ್ಯನವರ ಕಟ್ಟೆಗೆ ಹೋದೆ. ಮೂವತ್ತು ವರ್ಷ ಕಚೇರಿಯಲ್ಲಿ ಇವೇ ಕಾಗದ ಬರೆದವರು. ಅವರು ಹೇಳಿದ್ದು ಹೀಗೆ: ಪ್ರತಿ ಇನ್ವಿಟೇಶನ್ನಿನ ಹೊಟ್ಟೆಯಲ್ಲಿ ಒಂದು ಇಂಟಿಮೇಶನ್ ಇರುತ್ತದೆ, ಯಾಕೆಂದರೆ ಕರೆಯುವಾಗ ಯಾವಾಗ, ಎಲ್ಲಿ ಎಂದು ತಿಳಿಸಲೇಬೇಕು. ಆದರೆ ಇಂಟಿಮೇಶನ್ನಿನ ಹೊಟ್ಟೆಯಲ್ಲಿ ಇನ್ವಿಟೇಶನ್ ಇರಬೇಕೆಂದೇನೂ ಇಲ್ಲ. ಇದನ್ನು ಹೇಳಲು ಅವರು ಎರಡು ಸಲ ಚಹಾ ಕುಡಿದರು. ನಾನು ಕೇಳಿದೆ, ನಮ್ಮಲ್ಲಿ ಕರೆಯದೆ ಬರೀ ತಿಳಿಸುವುದು ಯಾವುದಕ್ಕೆ ಎಂದು. ಅವರು ವಿಚಾರ ಮಾಡಿ ಅಂದರು, "ಸಾವಿಗೆ ತಾಯಿ. ಸತ್ತಲ್ಲಿಗೆ ಯಾರ್ನೂ ಬಾ ಅನ್ನಂಗಿಲ್ಲ, ಹಿಂಗಾತು ಅಂತ ತಿಳಸ್ತಾರ."

ಎದ್ದು ಬಂದೆ. ಮಗನ ಮದುವೆಗೆ ಮಗಳನ್ನು ಹಾಗೆ ಕರೆಸಿಕೊಂಡವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಕುಂಕುಮದ ಮಾತನ್ನು ಮಾತ್ರ ನಾನು ಬಿಟ್ಟಿಲ್ಲ. ಅದು ಬರುವುದಿಲ್ಲ ಎಂದರೆ ಬರುವುದಿಲ್ಲ. ನಾನೇನು ಅದನ್ನು ಹುಟ್ಟಿಸಿದವಳಲ್ಲ.

ಉತ್ತರ ಬರೆ. ಬೈದಾದರೂ ಬರೆ.

ಶಟ್ಟೆವ್ವ


ನೇಸರಗಿ
ಸೋಮವಾರ, 21 ಏಪ್ರಿಲ್ 2025

ಉಮಾಶ್ರೀ,

ಮೂರು ಕಾಗದಕ್ಕೆ ಒಂದು ಉತ್ತರ. ಇದು ಯಾವ ಲೆಕ್ಕ? ನೀನು ಪೇಪರು ತಿದ್ದಲು ಬೆಳಗಾವಿಗೆ ಹೋಗಿದ್ದೀ ಎಂದು ನಿನ್ನ ಮನೆಯ ಬಾಗಿಲಿಗೆ ಹೋದ ಮೇಲೆ ನನಗೆ ಗೊತ್ತಾಯಿತು. ಹೌದು, ಹೋಗಿದ್ದೆ. ನಿನ್ನ ತಾಯಿ ಹೇಳಿರಲಿಕ್ಕಿಲ್ಲ. ಹೇಳುವವಳಾಗಿದ್ದರೆ ಆರು ವರ್ಷದ ಹಿಂದೆಯೇ ಹೇಳುತ್ತಿದ್ದಳು, ಇಷ್ಟೆಲ್ಲ ಅಂಚೆಚೀಟಿ ಉಳಿಯುತ್ತಿತ್ತು.

ಮೊನ್ನೆ ಗುರುವಾರ ಎದ್ದವಳೇ ಕುಂಕುಮದ ಕರಡಿಗೆ, ಅಕ್ಕಿ, ಉತ್ತತ್ತಿ, ಒಂದು ಕೊಬ್ಬರಿ ಬಟ್ಟಲು, ಒಂದು ಜಂಪರಿನ ಖಣ ಚೀಲಕ್ಕೆ ಹಾಕಿಕೊಂಡೆ. ನಿಮ್ಮಜ್ಜ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲಿಗೆ ಎಂದು ಕೇಳಲಿಲ್ಲ. ಚೀಲ ನೋಡಿದರು, ನನ್ನನ್ನು ನೋಡಿದರು, ಆಧಾರ್ ಕಾರ್ಡು ಇಟ್ಟುಕೊಂಡೆಯಾ ಎಂದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕೂರಲು ಜಾಗ ಸಿಗುವುದಿಲ್ಲ. ಬೈಲಹೊಂಗಲದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಅರ್ಧ ದಾರಿ ನಿಂತೇ ಹೋದೆ. ಯಾವಳೋ ಕಾಲೇಜು ಹುಡುಗಿ ಕಿವಿಯಲ್ಲಿ ವಾಯರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು. ಅವಳ ಕಾಲು ತುಳಿದೆ, ಎದ್ದಳು.

ನಿನ್ನ ತಾಯಿ ಬಾಗಿಲು ತೆರೆದಿಟ್ಟುಕೊಂಡು ಹೊಲಿಯುತ್ತಿದ್ದಳು. ಕೂದಲು ಮುಂದಿನಿಂದ ಬೆಳ್ಳಗಾಗಿದೆ, ಅದನ್ನು ನೀನು ನನಗೆ ಬರೆದಿರಲಿಲ್ಲ. ನನ್ನನ್ನು ನೋಡಿ ಎದ್ದಳು. ಮೊದಲು ಕೇಳಿದ್ದು ಅಪ್ಪ ಹೇಗಿದ್ದಾರೆ ಎಂದು. ನೆಟ್ಟಗಿದ್ದಾರೆ, ಅದಕ್ಕೆ ಬಂದಿಲ್ಲ ಎಂದೆ.

"ಮತ್ಯಾಕ ಬಂದಿ?"

"ಕರಿಯಾಕ ಬಂದೇನಿ."

"ಯಾವುದಕ್ಕ?"

"ನಿಂಗರಾಜನ ಮದಿವಿಗೆ."

ಅವಳು ನನ್ನ ಮುಖವನ್ನೇ ನೋಡಿದಳು. ಮುದುಕಿಗೆ ತಲೆ ತಿರುಗಿದೆ ಎಂದುಕೊಂಡಿರಬೇಕು. ಆಮೇಲೆ ಸಾವಕಾಶ ಅಂದಳು, "ಆ ಮದಿವಿ ಊಟ ಆರಿ ಆರು ವರ್ಷ ಆತಲ್ಲವಾ."

"ಗೊತ್ತೈತಿ. ತಡಾ ಆತು."

ನಾನು ಹೊಸ್ತಿಲ ಹೊರಗೇ ನಿಂತಿದ್ದೆ. ಕರಡಿಗೆ ತೆಗೆದೆ. ಉಮಾ, ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿರ್ಧಾರ ಮಾಡಿಕೊಂಡು ಬಂದಿದ್ದೆ. ಜನ ಏನಾದರೂ ಅನ್ನಲಿ, ಹಚ್ಚಿಯೇಬಿಡುತ್ತೇನೆ, ಅಷ್ಟರಿಂದ ಇದು ಮುಗಿಯುತ್ತದೆ ಎಂದು. ಹೆಬ್ಬೆರಳಿಗೆ ಕುಂಕುಮ ತಗೊಂಡು ಕೈ ಎತ್ತಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಜೋರಾಗಿ ಹಿಡಿಯಲಿಲ್ಲ.

"ಕುಂಕಮಾ ನಾ ಎಂದ ಕೇಳೇನವಾ? ನೀ ಬಾಗಲ ತನಕಾ ಬರಬೇಕಿತ್ತ. ಬರೇ ಕೈಲೆ ಬಂದಿದ್ರೂ ನಡೀತಿತ್ತ."

ಆರು ವರ್ಷ ನಾನು ಹಚ್ಚಲು ಬರುವುದಿಲ್ಲ, ಹಚ್ಚಲು ಬರುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿನಗೂ ಬರೆದೆ. ಬರೀ ಕೈಯಿಂದ ಹೋಗಬಹುದಿತ್ತು ಎನ್ನುವುದು ಒಂದು ದಿನವೂ ತಲೆಗೆ ಬರಲಿಲ್ಲ. ಹೊಳೆದಿದ್ದರೆ ಹೋಗಲೇಬೇಕಾಗುತ್ತಿತ್ತಲ್ಲ.

ಅವಳು ಎಷ್ಟೋ ಹೊತ್ತು ಕೈ ಬಿಡಲಿಲ್ಲ. ಆಮೇಲೆ ಸೆರಗು ಮುಂದೆ ಮಾಡಿ ಒಡ್ಡಿದಳು. ನಾನು ಅಕ್ಕಿ, ಕೊಬ್ಬರಿ, ಉತ್ತತ್ತಿ ಎಲ್ಲ ಹಾಕಿದೆ. ಅರ್ಧ ಅಕ್ಕಿ ಹೊಸ್ತಿಲ ಮೇಲೆ ಚೆಲ್ಲಿತು. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳನ್ನು ತಿರುಗಿ ನೋಡಿದೆ, ಅವಳಿಗೆ ಒಳಗೆ ಕೆಲಸ ನೆನಪಾಯಿತು.

ಝುಣಕ ಮಾಡಿ ಎರಡು ರೊಟ್ಟಿ ಬಡಿದು ಉಣ್ಣಿಸಿದಳು. ಖಣ ನೋಡಿ, ಈ ಬಣ್ಣ ಯಾರೂ ತೊಡುವುದಿಲ್ಲ ಎಂದಳು. ಸಂಜೆ ಬಸ್ ಸ್ಟ್ಯಾಂಡಿಗೆ ಬಂದು, ಕಿಟಕಿಯ ಬದಿಗೆ ಸೀಟು ಹಿಡಿದು ಕೂರಿಸಿದಳು. ನಿನ್ನ ಮದುವೆಗೆ ಬಾ ಅನ್ನಲಿಲ್ಲ. ಬರಬೇಡ ಎಂದೂ ಅನ್ನಲಿಲ್ಲ. ಬಸ್ಸು ಹೊರಡುವವರೆಗೆ ನಿಂತಿದ್ದಳು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನ ಗೀಟು ಹಾಗೇ ಇರಲಿ. ನೀನು ಬರೆದ ಶಬ್ದವೇ ನನಗೆ ಸರಿಯಾದದ್ದು. ಹೊಸ ಕಾರ್ಡು ಕಳಿಸಬೇಡ, ನಿನ್ನ ತಾಯಿಯನ್ನು ನನ್ನ ಬಾಗಿಲಿಗೆ ಕಳಿಸಬೇಡ, ಅವಳಿಗೆ ಹೊಲಿಗೆ ಬಹಳ ಇದೆ. ಬರೀ ತಿಳಿಸಿದ್ದಕ್ಕೆ ಅವಳು ಒಮ್ಮೆ ಬಂದಿದ್ದಳು. ಈಗ ನನಗೂ ತಿಳಿಸಿಯಾಗಿದೆ, ನಾನೂ ಬರುತ್ತೇನೆ. ನೀನು ಬಾಗಿಲು ನೋಡುತ್ತಾ ನಿಲ್ಲಬೇಕಾಗಿಲ್ಲ.

ನಿಂಗರಾಜ, ಶೀತಲ ಮುಂದೆ ಕೂರುವುದಿಲ್ಲ. ಹೇಳಿದ್ದೇನೆ. ನಿಂಗರಾಜ ಏನೋ ಅನ್ನಲು ಬಾಯಿ ತೆರೆದ, ಶೀತಲ ಅವನ ಕೈಗೆ ಚಹಾ ಕೊಟ್ಟಳು. ಮದುವೆಯ ಹಿಂದಿನ ದಿನ, ಶನಿವಾರ, ಅರಿಶಿಣ. ಮೊದಲು ನಿನ್ನ ತಾಯಿ ಹಚ್ಚಲಿ. ಅವಳ ಹಿಂದೆ ಎರಡನೆಯವಳು ನಾನು. ಮೂರನೆಯವಳಾಗಿ ಬಂದವಳಿಗೆ ನಮ್ಮ ಕೈ ಮುಟ್ಟಿದ ಬಟ್ಟಲು ಮುಟ್ಟಲು ಏನಾದರೂ ಅಡ್ಡಿ ಇದ್ದರೆ, ಅವಳು ನಿನ್ನ ಹತ್ತಿರ ಬರಬಾರದು, ನಿನ್ನ ತಾಯಿಯ ಹತ್ತಿರವಂತೂ ಬರಬಾರದು, ನನ್ನ ಹತ್ತಿರ ಬರಲಿ.

ನಾನು ಶುಕ್ರವಾರವೇ ಬರುತ್ತೇನೆ. ನಿಮ್ಮಜ್ಜ ಎಲ್ಲಿ ಮಲಗಬೇಕು, ನನಗೆ ಏನು ಕೆಲಸ, ಬರೆ. ಬರಬೇಡ ಎನ್ನುವುದಿದ್ದರೆ ಅದನ್ನೂ ನೆಟ್ಟಗೆ ಬರೆ. ಆದರೆ ಏನಿದ್ದರೂ ಈ ತಿಂಗಳು ಮುಗಿಯುವುದರೊಳಗೆ ನನ್ನ ಕೈ ಸೇರಬೇಕು. ಮೇ ತಿಂಗಳು ಹುಟ್ಟಿದ ಮೇಲೆ ಬಂದ ಕಾಗದವನ್ನು ನಾನು ಒಡೆಯುವುದಿಲ್ಲ, ಬಸ್ಸು ಹತ್ತುತ್ತೇನೆ.

ನಿನ್ನ ತಾಯಿಯ ತಾಯಿ,
ಶಟ್ಟೆವ್ವ